ಮೂರು ಗಂಟೆಯ ಪಾಠ

ಫಾಯ್ನಾ ಲುಕಿನಿಚ್ನಾ ನನ್ನ ಗ್ರಂಥಾಲಯಕ್ಕೆ ಮೊದಲ ಸಲ ಬಂದದ್ದು ಗಂಡ ತೀರಿಕೊಂಡ ಮೂರನೆಯ ವಾರ. ಅದುವರೆಗೆ ಅವರನ್ನು ನಾನು ಶಾಲೆಯ ಅಡುಗೆಮನೆಯ ಕಿಟಕಿಯ ಆಚೆ ಮಾತ್ರ ನೋಡಿದ್ದೆ. ತಲೆಗೆ ಬಿಳಿ ಬಟ್ಟೆ, ಕೈಯಲ್ಲಿ ಸೌಟು. ಲೀಪ್‌ಮಾಲಾದ ಅರ್ಧ ಊರು ಅವರ ಬೀಟ್‌ರೂಟ್ ಸಾರು, ಜವೆಗೋಧಿ ಗಂಜಿ ಉಂಡು ಬೆಳೆದದ್ದು. ನಾನೂ ಉಂಡಿದ್ದೇನೆ. ಆದರೆ ಅವರು ಒಂದು ಪುಸ್ತಕ ಕೇಳಿಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ ಎಂದು ಎಣಿಸಿರಲಿಲ್ಲ.

ಬೂಟಿನ ಹಿಮ ಕೊಡವಿ, ಒಂದೊಂದೇ ಪದ ಹುಡುಕಿ ಲಾಟ್ವಿಯನ್ ಭಾಷೆಯಲ್ಲಿ ಹೇಳಿದರು: "ಪುಸ್ತಕ ಬೇಕು. ಪೌರತ್ವ ಪರೀಕ್ಷೆ... ಅದರದು."

ನಾನು ರಷ್ಯನ್ನಿನಲ್ಲಿ ಉತ್ತರ ಕೊಡಲು ಹೋದೆ. ಅವರು ಕೈ ಅಡ್ಡ ಹಿಡಿದರು. "ಬೇಡ, ಬೇಡ. ನಿಮ್ಮ ಮಾತಲ್ಲೇ ಹೇಳಿ. ಕಲೀಬೇಕಲ್ಲ."

ಅವರು ಹುಟ್ಟಿದ್ದು ಇದೇ ಊರಿನಲ್ಲಿ, ಐವತ್ತೊಂದನೆಯ ಇಸವಿಯಲ್ಲಿ. ಅಪ್ಪ ಯುದ್ಧ ಮುಗಿದ ಮೇಲೆ ಸ್ಮೊಲೆನ್ಸ್ಕ್ ಕಡೆಯಿಂದ ಬಂದ ರೈಲ್ವೆ ನೌಕರ. ದೇಶ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡು ಮತ್ತೆ ಸ್ವತಂತ್ರವಾದಾಗ, ಹಾಗೆ ಬಂದವರಿಗೂ ಅವರ ಮಕ್ಕಳಿಗೂ ಪೌರತ್ವ ತಾನಾಗಿ ಸಿಗಲಿಲ್ಲ. ನೇರಳೆ ಬಣ್ಣದ ಪಾಸ್‌ಪೋರ್ಟ್ ಸಿಕ್ಕಿತು. ಭಾಷೆ ಮತ್ತು ಇತಿಹಾಸದ ಪರೀಕ್ಷೆ ಪಾಸು ಮಾಡಿದರೆ ಉಳಿದವರಂತೆ ಕೆಂಪುಬಣ್ಣದ್ದು. ಫಾಯ್ನಾ ಮತ್ತು ಅವರು ಗೇನಾ ಎಂದು ಕರೆಯುತ್ತಿದ್ದ ಗಂಡ ಗೆನ್ನಾದಿ ಇಪ್ಪತ್ತು ವರ್ಷ ಆ ಗೋಜಿಗೇ ಹೋಗಿರಲಿಲ್ಲ.

"ಈಗ ಯಾಕೆ?" ಎಂದು ಕೇಳಿದೆ.

"ಗೇನಾ ಸತ್ತ ಮೇಲೆ ಕಚೇರಿಗೆ ಹೋಗಿದ್ದೆ, ಸಾವಿನ ಕಾಗದಕ್ಕೆ. ಅವನು ಯಾವ ದೇಶದ ಪ್ರಜೆ ಅಂತ ಕೇಳಿದ್ಲು ಅಲ್ಲಿದ್ದ ಹುಡುಗಿ. ಪಾಸ್‌ಪೋರ್ಟ್ ಕೊಟ್ಟೆ. ನೋಡಿದ್ಲು, 'ಪ್ರಜೆ ಅಲ್ಲ' ಅಂತ ಟಕಟಕ ಬಡಿದ್ಲು. ಅವಳದೇನೂ ತಪ್ಪಿಲ್ಲ ಬಿಡಿ. ನಲವತ್ತು ವರ್ಷ ಇಲ್ಲಿ ಹಳಿ ಕಾದ ಮನುಷ್ಯ. ಸತ್ತ ಮೇಲೂ 'ಅಲ್ಲ' ಅಂತ ಬರೆಸ್ಕೊಂಡು ಹೋದ. ನಾನು ಬರೆಸ್ಕೊಳ್ಳಲ್ಲ."

ಹೀಗೆ ಮಂಗಳವಾರ ಮತ್ತು ಶುಕ್ರವಾರ ಸಂಜೆ ಐದಕ್ಕೆ ನಮ್ಮ ಪಾಠ ಶುರುವಾಯಿತು. ರಾಷ್ಟ್ರಗೀತೆ ಅವರಿಗೆ ಬೇಗ ಬಂತು, ಹಾಡಾದ್ದರಿಂದ. ಸಂವಿಧಾನವೂ ಒಂದು ಮಟ್ಟಕ್ಕೆ ಬಂತು. ಬಾರದ್ದು ಇಸವಿಗಳು. ಸ್ವಾತಂತ್ರ್ಯ ಘೋಷಿಸಿದ ಹದಿನೆಂಟರ ನವೆಂಬರ್, ಸೋವಿಯತ್ ಸೈನ್ಯ ನುಗ್ಗಿದ ನಲವತ್ತರ ಜೂನ್, ಜನರನ್ನು ಸೈಬೀರಿಯಕ್ಕೆ ಗಡೀಪಾರು ಮಾಡಿದ ನಲವತ್ತೊಂದರ ಜೂನ್, ಮತ್ತೆ ನಲವತ್ತೊಂಬತ್ತರ ಮಾರ್ಚ್, ಮೂರು ದೇಶಗಳ ಜನ ಕೈಕೈ ಹಿಡಿದು ನಿಂತ ಎಂಬತ್ತೊಂಬತ್ತರ ಆಗಸ್ಟ್, ಸ್ವಾತಂತ್ರ್ಯವನ್ನು ಮತ್ತೆ ಘೋಷಿಸಿದ ತೊಂಬತ್ತರ ಮೇ. ಮಂಗಳವಾರ ಒಪ್ಪಿಸಿದರೆ ಶುಕ್ರವಾರದ ಹೊತ್ತಿಗೆ ಎಲ್ಲ ಕಲಸಿಹೋಗಿರುತ್ತಿತ್ತು.

"ನೂರಿಪ್ಪತ್ತು ಮಕ್ಕಳ ಗಂಜಿಗೆ ಎಷ್ಟು ಉಪ್ಪು ಕೇಳಿ, ನಿದ್ದೆಗಣ್ಣಲ್ಲೂ ಹೇಳ್ತೀನಿ," ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. "ಈ ಅಂಕಿಗಳು ಮಾತ್ರ ಒಳಗೆ ಕೂರಲ್ಲ."

"ಮನೇಲಿ ಗಟ್ಟಿಯಾಗಿ ಹೇಳಿಕೊಳ್ಳಿ. ದಿನಾ ಒಂದೇ ಹೊತ್ತಿಗೆ," ಎಂದೆ.

"ಮೂರಕ್ಕೆ ಮನೆಗೆ ಬರ್ತೀನಿ. ಒಲೆ ಹತ್ತಿರ ಕೂತು ಹೇಳ್ತೀನಿ. ಕೇಳೋರು ಯಾರೂ ಇಲ್ಲ, ನಾಚಿಕೆ ಏನು."

ಜನವರಿಯ ಮೂರನೆಯ ವಾರ ಅವರು ಕೋಟು ಬಿಚ್ಚುವ ಮೊದಲೇ ಎಲ್ಲ ತಾರೀಖುಗಳನ್ನೂ ಒಂದೇ ಉಸಿರಿಗೆ ಹೇಳಿದರು. ಒಂದೂ ತಪ್ಪಿಲ್ಲ. ನನಗೆ ಖುಷಿಯಾಯಿತು. ಆಮೇಲೆ ಬೇರೇನೋ ಅನಿಸಿತು. ಅವರ ಉಚ್ಚಾರ ಬದಲಾಗಿತ್ತು. ಎಳೆಯಬೇಕಾದ ಅಕ್ಷರಗಳನ್ನು ಎಳೆಯುತ್ತಿದ್ದರು, ಅದೂ ನಾನು ಎಳೆಯುವಂತೆ ಅಲ್ಲ. ನನ್ನ ಅಜ್ಜಿ ಎಳೆಯುತ್ತಿದ್ದಂತೆ, ಕೊನೆಯಲ್ಲಿ ತುಸು ಎತ್ತಿ. ಪಾಠ ಮುಗಿದ ಮೇಲೆ ಮಾತಿಗೆ ಮಾತು ಬಂದು, ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ನಾದುವ ಯಂತ್ರ ಕೆಟ್ಟಿದೆ ಎಂದರು. "ಒಂದು ಒಳ್ಳೆ ಅಬ್ರಾ ಇದ್ದಿದ್ರೆ ಕೈಯಲ್ಲೇ ನಾದಿ ಮುಗಿಸ್ತಿದ್ದೆ."

ಅಬ್ರಾ ಎಂದರೆ ಹಿಟ್ಟು ನಾದಿ ಹುಳಿ ಬರಲು ಇಡುವ ಮರದ ತೊಟ್ಟಿ. ಆ ಪದ ನಾನು ಕೇಳಿ ಮೂವತ್ತು ವರ್ಷವಾಗಿತ್ತು. ನನ್ನ ಮಗಳಿಗೆ ಅದು ಗೊತ್ತೇ ಇಲ್ಲ.

"ಯಾರು ಹೇಳಿಕೊಟ್ಟರು ಈ ಪದ?"

ಫಾಯ್ನಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ನೇರ ಮಾಡುತ್ತ ಕೂತರು. "ನಮ್ಮ ಪಕ್ಕದ ಮನೇಲಿ ರೇಡಿಯೋ ಇದೆಯಾ, ಸ್ಕೈದ್ರೀತೆ?" ಎಂದು ಹೆಸರು ಹಿಡಿದು ನನ್ನನ್ನೇ ಕೇಳಿದರು.

ಅವರಿಗೆ ಪಕ್ಕದ ಮನೆ ಎನ್ನುವುದೇ ಇಲ್ಲ. ಅವರದು ಹಳಿಯಾಚೆ, ಲಿಂಡೆನ್ ಮರಗಳ ಸಾಲಿನ ಕೊನೆಯಲ್ಲಿ ಒಂಟಿಯಾಗಿ ನಿಂತ ಹಳೆಯ ಹೊಲಮನೆ. ಊರಿನವರು ರೈಲ್ವೆಯವರ ಮನೆ ಎನ್ನುತ್ತಾರೆ. ಅದಕ್ಕೂ ಮೊದಲು ಯಾರದಾಗಿತ್ತು ಎಂದು ನಾನು ಕೇಳಿರಲಿಲ್ಲ. ನಾವು ಬೆಳೆದ ಕಾಲದಲ್ಲಿ ಅಂಥದ್ದನ್ನು ಕೇಳುತ್ತಿರಲಿಲ್ಲ.

"ಇಲ್ಲ," ಎಂದೆ.

"ಹಂಗಾದ್ರೆ ರೇಡಿಯೋ ಅಲ್ಲ," ಎಂದರು ಫಾಯ್ನಾ. ಆಮೇಲೆ ಎಲ್ಲ ಹೇಳಿದರು.

ಹೊಸ ವರ್ಷ ಕಳೆದು ನಾಲ್ಕೈದು ದಿನವಾಗಿತ್ತಂತೆ. ಮೂರು ಗಂಟೆಗೆ ಒಲೆಗೆ ಸೌದೆ ಹಾಕಿ, ಗೋಡೆಗೆ ಒರಗಿ ಕೂತು, ಪುಸ್ತಕ ಮುಚ್ಚಿ ಹೇಳಿಕೊಳ್ಳುತ್ತಿದ್ದರು. ಸಂವಿಧಾನ ಅಂಗೀಕಾರವಾದದ್ದು ಇಪ್ಪತ್ತೊಂದರ ಫೆಬ್ರವರಿ ಎಂದರು. ಗೋಡೆಯೊಳಗಿಂದ ಒಂದು ಹೆಂಗಸಿನ ದನಿ, "ಇಪ್ಪತ್ತೆರಡು," ಎಂದಿತು. ಕೂಗಿದ್ದಲ್ಲ, ಪಿಸುಗುಟ್ಟಿದ್ದೂ ಅಲ್ಲ. ತರಗತಿಯಲ್ಲಿ ಟೀಚರು ಹೇಳುವ ಹಾಗೆ.

"ಹೆದರಿಕೆ ಆಗಲಿಲ್ವಾ?"

"ಹೆದರೋಕೆ ಪುರುಸೊತ್ತೆಲ್ಲಿ? 'ಇನ್ನೊಂದು ಸಲ' ಅಂತು. ಹೇಳಿದೆ. 'ಬಾಯಿ ತೆರೆದು ಹೇಳು' ಅಂತು. ಬಾಯಿ ತೆರೆದು ಹೇಳಿದೆ. ನಾಲ್ಕು ಗಂಟೆಗೆ ನಿಂತುಹೋಯ್ತು. ಆಮೇಲೆ ಎದ್ದು ಮನೇಲಿದ್ದ ದೀಪ ಎಲ್ಲಾ ಹಾಕಿದೆ ನೋಡಿ."

ಮರುದಿನ ಆ ಗೋಡೆಗೆ ತಮ್ಮ ತಾಯಿಯ ಕಾಲದ ದೇವರ ಪಟ ತೂಗುಹಾಕಿದರಂತೆ. ಅಲ್ಲಿ ಮೊದಲೇ ಒಂದು ಮೊಳೆಯಿತ್ತು. ಮೂರು ಗಂಟೆಗೆ ದನಿ ಬಂತು. "ಆ ಮೊಳೆ ಅಪ್ಪ ಹೊಡೆದದ್ದು, ಕ್ಯಾಲೆಂಡರಿಗೆ," ಎಂದಿತು. "ಇರಲಿ ಬಿಡು. ಹದಿನೆಂಟರ ನವೆಂಬರಿನಿಂದ ಶುರುಮಾಡು, ಫಾಯ್ನಾ."

"ನನ್ನ ಹೆಸರು ನಾನು ಹೇಳಿರಲಿಲ್ಲ," ಎಂದು ಫಾಯ್ನಾ ನನ್ನ ಮುಖವನ್ನೇ ನೋಡಿದರು. ನಾನು ನಗುತ್ತೇನೋ ಎಂದು ನೋಡುತ್ತಿದ್ದರು.

ನಾನು ನಗಲಿಲ್ಲ. ಗಂಡ ಸತ್ತ ಹೆಂಗಸು, ಒಂಟಿ ಮನೆ, ಕತ್ತಲೆಯ ಚಳಿಗಾಲ. ಎಷ್ಟೋ ಜನರಿಗೆ ಹೀಗಾಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆದರೆ ಅಬ್ರಾ ಎಂಬ ಪದ ಆ ಲೆಕ್ಕಕ್ಕೆ ಸಿಗಲಿಲ್ಲ.

ಫೆಬ್ರವರಿಯಲ್ಲಿ ದನಿ ಪುಸ್ತಕದಲ್ಲಿಲ್ಲದ್ದನ್ನೂ ಕೇಳತೊಡಗಿತು. ಈ ಒಲೆ ಕಟ್ಟಿದ್ದು ಯಾವಾಗ? ಗೊತ್ತಿಲ್ಲ ಎಂದರೆ ತಾನೇ ಹೇಳುತ್ತಿತ್ತು, ಮೂವತ್ನಾಲ್ಕರ ಸೆಪ್ಟೆಂಬರ್. ಬಾವಿ ತೋಡಿದ್ದು? ಇಪ್ಪತ್ತೇಳರ ಬೇಸಿಗೆ. ಲಿಂಡೆನ್ ನೆಟ್ಟದ್ದು? ತನ್ನ ತಮ್ಮ ಹುಟ್ಟಿದ ವರ್ಷ, ಮೂವತ್ತೇಳು. ಫಾಯ್ನಾ ಇವನ್ನೂ ಉಳಿದವುಗಳ ಜೊತೆಗೆ ಬಾಯಿಪಾಠ ಮಾಡಿದರು. ಒಂದು ಭಾನುವಾರ ಒಲೆ ಆರಿಸಿ, ಬೂದಿ ಬಾಗಿಲು ಕಿತ್ತು, ಒಳಗೆ ಟಾರ್ಚು ಬಿಟ್ಟು ನೋಡಿದರು. ಒಂದು ಇಟ್ಟಿಗೆಯ ಮೇಲೆ ಹಸಿಯಿದ್ದಾಗ ಬೆರಳಲ್ಲಿ ಬರೆದ ಅಂಕಿ ಇತ್ತು: 1934.

ಅದೇ ಸಮಯಕ್ಕೆ ಅವರು ಒಂದು ತಾರೀಖು ತಪ್ಪಾಗಿ ಬರೆಯತೊಡಗಿದ್ದರು. ನಲವತ್ತೊಂಬತ್ತರ ಗಡೀಪಾರು ಮಾರ್ಚ್ ಇಪ್ಪತ್ತೈದು. ಅವರು ಪ್ರತಿ ಸಲವೂ ಇಪ್ಪತ್ತೇಳು ಎಂದು ಬರೆಯುತ್ತಿದ್ದರು. ನಾನು ಹೊಡೆದು ತಿದ್ದಿದೆ. ಮತ್ತೆ ಇಪ್ಪತ್ತೇಳು.

"ಅವಳು ಬಿಡಲ್ಲ," ಎಂದರು. "'ಇಪ್ಪತ್ತೈದಕ್ಕೆ ನಮ್ಮನ್ನ ಮನೆಯಿಂದ ಹಿಡ್ಕೊಂಡು ಹೋದ್ರು. ಎರಡು ದಿನ ರೈಲು ಡಬ್ಬಿ ಇಲ್ಲೇ ನಿಂತಿತ್ತು, ನಮ್ಮ ಲಿಂಡೆನ್ ಮರ ಕಾಣ್ತಿತ್ತು. ಹೊರಟಿದ್ದು ಇಪ್ಪತ್ತೇಳಕ್ಕೆ' ಅಂತಾಳೆ."

ಮರುದಿನ ಮೂರಕ್ಕೆ ನಾನು ಅವರ ಮನೆಗೆ ಹೋದೆ.

ಹೊರಗೆ ಹಿಮದ ಮೇಲೆ ಒಳ್ಳೆಯ ಬಿಸಿಲಿತ್ತು. ಅಡುಗೆಮನೆಯಲ್ಲಿ ಪರದೆ ಸರಿಸಿತ್ತು. ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಫಾಯ್ನಾ ಕಪ್ಪು ರೊಟ್ಟಿ, ಬೆಣ್ಣೆ, ಶಾಜೀರಿಗೆ ಹಾಕಿದ ಚೀಸ್ ಇಟ್ಟು ಗೋಡೆಯ ಕಡೆ ಕುರ್ಚಿ ಎಳೆದುಕೊಂಡರು. ನಾನು ಮೇಜಿನ ಈ ಬದಿಗೆ ಕೂತೆ. ಗಡಿಯಾರ ಮೂರು ತೋರಿಸಿತು. ಫಾಯ್ನಾ ಶುರುಮಾಡಿದರು. ನನಗೆ ಏನೂ ಕೇಳಿಸಲಿಲ್ಲ. ಒಲೆಯ ಸೌದೆ ಸಿಡಿಯುವುದು, ಫಾಯ್ನಾರ ದನಿ, ಅಷ್ಟೇ. ಆದರೆ ಅವರು ನಿಲ್ಲುವ ಕಡೆ ನಿಲ್ಲುತ್ತಿದ್ದರು, ತಲೆ ವಾಲಿಸುತ್ತಿದ್ದರು, ತಿದ್ದಿಕೊಂಡು ಮತ್ತೆ ಹೇಳುತ್ತಿದ್ದರು. ಫೋನಿನಲ್ಲಿ ಮಾತಾಡುವವರನ್ನು ಪಕ್ಕದಲ್ಲಿ ಕೂತು ಕೇಳಿದ ಹಾಗಿತ್ತು. ಹತ್ತು ನಿಮಿಷವಾದ ಮೇಲೆ ನನಗೆ ಅವರ ಬಗ್ಗೆ ಮರುಕ ಹುಟ್ಟಿತು. ವೈದ್ಯರ ಹತ್ತಿರ ಕರೆದೊಯ್ಯಬೇಕು, ಹೇಗೆ ಹೇಳಲಿ ಎಂದು ಯೋಚಿಸುತ್ತ ಗಲ್ಲಕ್ಕೆ ಕೈಕೊಟ್ಟು ಕೂತೆ.

ಫಾಯ್ನಾ ಮಧ್ಯದಲ್ಲೇ ನಿಂತರು. ಗೋಡೆಯ ಕಡೆಯಿಂದ ಮುಖ ತಿರುಗಿಸದೆ, ಮುಜುಗರದಿಂದ ಹೇಳಿದರು: "ಸ್ಕೈದ್ರೀತೆ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಕೂತಿರೋ ಇನ್ನೊಬ್ಬಳು ಯಾರು ಅಂತ ಕೇಳ್ತಿದಾಳೆ. ಮೇಜಿನ ಮೇಲಿಂದ ಮೊಣಕೈ ತೆಗೆಯೋಕೆ ಹೇಳು ಅಂತಾಳೆ."

ನನ್ನ ಮೊಣಕೈ ಮೇಜಿನ ಮೇಲಿತ್ತು. ಫಾಯ್ನಾರ ಬೆನ್ನು ನನ್ನ ಕಡೆಗಿತ್ತು. ನಾನು ಕೈ ಮಡಿಲಿಗೆ ಇಳಿಸಿದೆ, ನಾಲ್ಕು ಗಂಟೆಯವರೆಗೆ ಅಲ್ಲಿಂದ ಎತ್ತಲಿಲ್ಲ.

ಗಡೀಪಾರಾದವರ ಹೆಸರುಗಳ ದಪ್ಪ ಪುಸ್ತಕ ನಮ್ಮ ಗ್ರಂಥಾಲಯದ ಕೆಳಗಿನ ಅರೆಯಲ್ಲಿದೆ. ಯಾರೂ ತೆಗೆಯುವುದಿಲ್ಲ, ದೂಳು ಮಾತ್ರ ನಾನು ಒರೆಸುತ್ತೇನೆ. ಆ ಸಂಜೆ ತೆಗೆದೆ. ಊರಿನ ಹೆಸರಿನ ಕೆಳಗೆ ಹೊಲಮನೆಗಳು. ಹಳಿಯ ಪಕ್ಕದ ಮನೆ ಗ್ರಾವಾ ಕುಟುಂಬದ್ದು. ಅಪ್ಪ, ಸತ್ತದ್ದು ಐವತ್ತರಲ್ಲಿ. ಅಮ್ಮ, ಐವತ್ತೆರಡರಲ್ಲಿ. ಮೂವತ್ತೇಳರಲ್ಲಿ ಹುಟ್ಟಿದ ಮಗ, ಸತ್ತದ್ದು ದಾರಿಯಲ್ಲೇ. ಮಗಳು ಅಲ್ವೀನೆ, ಹುಟ್ಟಿದ್ದು ಮೂವತ್ತೊಂದು, ಐವತ್ತಾರರಲ್ಲಿ ಬಿಡುಗಡೆ. ಅವಳ ಹೆಸರಿನ ಮುಂದೆ ಸಾವಿನ ಇಸವಿ ಇರಲಿಲ್ಲ. ಸತ್ತದ್ದು ಬರೆಯಲು ಮರೆತಿದ್ದಾರೆ ಎಂದುಕೊಂಡೆ. ಸತ್ತವಳೇ ಇರಬೇಕೆಂದು ನನಗೆ ಖಾತ್ರಿಯಿತ್ತು.

ಆದರೂ ನಾಲ್ಕು ದಿನ ಅಲ್ಲಿ ಇಲ್ಲಿ ಫೋನು ಮಾಡಿದೆ. ಅಲ್ವೀನೆ ಗ್ರಾವಾ ಸೈಬೀರಿಯದಿಂದ ಮರಳಿ ಬಂದ ಮೇಲೆ ಬೇರೊಂದು ಜಿಲ್ಲೆಯಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಟೀಚರಾಗಿದ್ದರು. ಮದುವೆಯಾಗಿರಲಿಲ್ಲ. ಈಗ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಪಟ್ಟಣವೊಂದರ ವೃದ್ಧಾಶ್ರಮದಲ್ಲಿದ್ದರು. ಬದುಕಿದ್ದರು.

ಅಲ್ಲಿಗೆ ಫೋನು ಮಾಡಿದಾಗ ಬೈಬಾ ಎಂಬ ನರ್ಸು ಎತ್ತಿದಳು. ಅವರನ್ನು ನೋಡಲು ಬರಬಹುದೇ ಎಂದು ಕೇಳಿದೆ.

"ಬನ್ನಿ ಬನ್ನಿ, ಯಾರೂ ಬರೋದೇ ಇಲ್ಲ ಪಾಪ. ಆದ್ರೆ ಮೂರರಿಂದ ನಾಲ್ಕು ಬೇಡ."

"ಯಾಕೆ?"

"ಅವಾಗ ಅವರಿಗೆ ಕ್ಲಾಸಿರುತ್ತೆ," ಎಂದು ನಕ್ಕಳು. "ವಯಸ್ಸಾಯ್ತಲ್ಲ, ತಲೆ ಸ್ವಲ್ಪ ಹಂಗೆ ಹಿಂಗೆ. ಜನವರಿಯಿಂದ ಶುರುವಾಗಿದೆ. ಗೋಡೆ ಕಡೆ ತಿರುಗಿ ಕೂತು ಪಾಠ ಮಾಡ್ತಾರೆ. ಇಸವಿ ಒಪ್ಪಿಸು, ಬಾಯಿ ತೆಗಿ, ಇನ್ನೊಂದು ಸಲ... ದಿನಾ ಅದೇ. ಯಾವಳೋ ಫಾಯ್ನಾ ಅಂತೆ. ತುಂಬಾ ದಡ್ಡಿ ಅಂತೆ, ಆದ್ರೆ ಬಿಡದೆ ಕಲೀತಾಳಂತೆ."

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಪುಸ್ತಕಗಳನ್ನು ಸರಿಯಾಗಿ ಜೋಡಿಸುತ್ತ ನಿಂತೆ. ಸರಿಯಾಗಿಯೇ ಇದ್ದ ಪುಸ್ತಕಗಳು. ಸತ್ತವರ ದನಿಯಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ ಅನಿಸಿತು.

ಮಾರ್ಚ್ ಮೊದಲ ವಾರದ ಗುರುವಾರ ಇಬ್ಬರೂ ಬಸ್ಸು ಹತ್ತಿದೆವು. ಫಾಯ್ನಾ ಹಬ್ಬದ ಬ್ಲೌಸು ಹಾಕಿದ್ದರು. ಮಡಿಲಲ್ಲಿ ತಾವೇ ಸುಟ್ಟ ಚೀಸ್ ಬನ್ನುಗಳ ಡಬ್ಬಿ. ದಾರಿಯಲ್ಲಿ ಒಂದೇ ಒಂದು ಮಾತಾಡಿದರು: "ನನ್ನ ಮನೆ ಅಂತ ಹೇಳಲಾ, ಅವರ ಮನೆ ಅಂತ ಹೇಳಲಾ?"

ನಾವು ತಲುಪಿದ್ದು ಮೂರಕ್ಕೆ ಐದು ನಿಮಿಷವಿದ್ದಾಗ. ಬೈಬಾ ಬೇಡವೆಂದರೂ ಫಾಯ್ನಾ ಒಳಗೆ ಹೋದರು. ಸಣ್ಣ ಕೋಣೆ, ಎರಡು ಮಂಚ, ಕಿಟಕಿಯಲ್ಲಿ ಜೆರೇನಿಯಂ. ಅಲ್ವೀನೆ ನಮಗೆ ಬೆನ್ನು ಮಾಡಿ, ಬರಿಯ ಹಸಿರು ಗೋಡೆಗೆ ಮುಖ ಮಾಡಿ ನೆಟ್ಟಗೆ ಕೂತಿದ್ದರು. ಬಿಳಿಯ ಜಡೆಯನ್ನು ಚಿಕ್ಕದಾಗಿ ಸುತ್ತಿ ಪಿನ್ನು ಹಾಕಿತ್ತು. ನಾವು ಬಂದದ್ದು ಕೇಳಿಸಿದಂತಿರಲಿಲ್ಲ. ಮೊಗಸಾಲೆಯ ಗಡಿಯಾರ ಬಡಿಯಿತು.

"ಸರಿ," ಎಂದರು ಅಲ್ವೀನೆ ಗೋಡೆಗೆ. "ಹದಿನೆಂಟು."

"ನವೆಂಬರ್ ಹದಿನೆಂಟು," ಎಂದರು ಫಾಯ್ನಾ, ಬಾಗಿಲಲ್ಲೇ ನಿಂತು.

"ಇವತ್ತು ದನಿ ಚೆನ್ನಾಗಿ ಕೇಳ್ತಿದೆ. ನೆಗಡಿ ಹೋಯ್ತಾ?"

"ಹೋಯ್ತು ಟೀಚರ್."

ಫಾಯ್ನಾಗೆ ಹಿಂದಿನ ವಾರ ನೆಗಡಿಯಾಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಬೈಬಾ ನನ್ನ ತೋಳು ಹಿಡಿದುಕೊಂಡಳು. ಪಾಠ ನಡೆಯಿತು. ಒಲೆ ಯಾವಾಗ? ಮೂವತ್ನಾಲ್ಕು, ಸೆಪ್ಟೆಂಬರ್. ಬಾವಿ? ಇಪ್ಪತ್ತೇಳು. ನಲವತ್ತೊಂಬತ್ತು? ಫಾಯ್ನಾ, "ಮಾರ್ಚ್ ಇಪ್ಪತ್ತೇಳು," ಎಂದರು.

"ಹೌದು. ಆದ್ರೆ ಪರೀಕ್ಷೆಯಲ್ಲಿ ಇಪ್ಪತ್ತೈದು ಅಂತ ಬರಿ. ಅವರಿಗೆ ಅಷ್ಟು ಸಾಕು." ಹಾಗೆ ಹೇಳಿ ಅಲ್ವೀನೆ ಕುರ್ಚಿಯ ಕೈ ಹಿಡಿದು, ಬಹಳ ನಿಧಾನಕ್ಕೆ, ಇಡೀ ಮೈಯನ್ನೇ ನಮ್ಮ ಕಡೆ ತಿರುಗಿಸಿದರು.

ಫಾಯ್ನಾ ಹೋಗಿ ಅವರ ಮುಂದೆ ಮೊಣಕಾಲೂರಿದರು. ಮುದುಕಿ ಅವರ ಕೆನ್ನೆ ಮುಟ್ಟಿದರು, ಹಣೆ ಮುಟ್ಟಿದರು.

"ನೀನು ಚಿಕ್ಕ ಹುಡುಗಿ ಅಂದ್ಕೊಂಡಿದ್ದೆ," ಎಂದರು.

"ಐವತ್ತೊಂಬತ್ತು ಆಗ್ತಾ ಬಂತು ಟೀಚರ್."

"ಒಲೆ ಬಿಸಿ ಇಡ್ತೀಯಾ?"

"ದಿನಾ ಇಡ್ತೀನಿ."

"ಯಾವತ್ತಿಂದ ಇದೀರಾ ಅಲ್ಲಿ?"

ಫಾಯ್ನಾ ತಾರೀಖು ಹೇಳುವ ದನಿಯಲ್ಲೇ ಹೇಳಿದರು. "ನನ್ನ ಅಪ್ಪ ಅಮ್ಮ ಬಂದಿದ್ದು ನಲವತ್ತೊಂಬತ್ತು, ಏಪ್ರಿಲ್ ಆರು."

ಮುದುಕಿಯ ಕೈ ಕೆನ್ನೆಯ ಮೇಲೆಯೇ ನಿಂತಿತು. ರೈಲು ಹೊರಟ ಮೇಲಿನ ಹತ್ತು ದಿನದ ಲೆಕ್ಕ ಎಲ್ಲರಿಗೂ ತಿಳಿಯುವಂಥದ್ದೇ. ನನಗೆ ಅಲ್ಲಿಂದ ಹೊರಗೆ ಹೋಗಿಬಿಡಬೇಕು ಅನಿಸಿತು.

"ಹಸುವಿನ ಹಾಲು ಕರೆದ್ರಾ ಯಾರಾದ್ರೂ?" ಎಂದು ಕೇಳಿದರು ಅಲ್ವೀನೆ. "ಡಬ್ಬಿ ನಿಂತಿದ್ದಾಗ ಎರಡು ದಿನ ಅದು ಕೂಗೋದು ಕೇಳ್ತಿತ್ತು. ಆಮೇಲೆ ರೈಲು ಹೊರಟ್ತು, ಗೊತ್ತಾಗಲಿಲ್ಲ. ಹಾಲು ಕರೆದ್ರಾ?"

ಫಾಯ್ನಾ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಅಲ್ವೀನೆ ಒಂದು ನಿಮಿಷ ಕಾದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಮತ್ತೆ ನಿಧಾನಕ್ಕೆ, ಗೋಡೆಯ ಕಡೆ ತಿರುಗಿ ಕೂತರು. ಬನ್ನಿನ ಡಬ್ಬಿಯನ್ನು ಬೈಬಾ ಇಸಿದುಕೊಂಡಳು.

ಶುಕ್ರವಾರ ಮೂರಕ್ಕೆ ಗೋಡೆ ಸುಮ್ಮನಿತ್ತು. ಶನಿವಾರವೂ, ಮುಂದಿನ ವಾರವೂ. ಫಾಯ್ನಾ ಒಬ್ಬರೇ ಎಲ್ಲ ಇಸವಿಗಳನ್ನೂ ಒಪ್ಪಿಸುತ್ತಿದ್ದರು. ಬೇಕೆಂದೇ ತಪ್ಪು ಹೇಳಿಯೂ ನೋಡಿದರು. ತಿದ್ದುವವರಿರಲಿಲ್ಲ.

"ನನಗೆ ಗೊತ್ತಿತ್ತು ಸ್ಕೈದ್ರೀತೆ," ಎಂದರು ಒಂದು ಮಂಗಳವಾರ, ಪುಸ್ತಕದ ಮೇಲೆ ಕಣ್ಣಿಟ್ಟು. "ಹಸುವಿನ ವಿಷಯ ಗೊತ್ತಿತ್ತು. ಅಮ್ಮ ಸಾಯೋ ಮುಂಚೆ ಹೇಳಿದ್ಲು. ಗೇನಾಗೂ ನಾನು ಹೇಳಿಲ್ಲ. ಅಲ್ಲಿ ಬಾಯಿ ಕಟ್ಟಿಹೋಯ್ತು."

ನಾನು ಪುಸ್ತಕದ ಮುಂದಿನ ಪುಟ ತಿರುವಿದೆ.

ಏಪ್ರಿಲ್ ಕೊನೆಗೆ ಪರೀಕ್ಷೆ. ಅವರು ಹೊರಗೆ ಬಂದಾಗ ನಾನು ಬೆಂಚಿನ ಮೇಲೆ ಕಾಯುತ್ತಿದ್ದೆ. ನಲವತ್ತೊಂಬತ್ತರ ಪ್ರಶ್ನೆ ಬಂದಿತ್ತಂತೆ. ಇಪ್ಪತ್ತೈದು ಎಂದು ಬರೆದೆ, ಬರೆಯುವಾಗ ಕೈ ತಾನಾಗಿ ಏಳಿನ ಕಡೆ ಹೊರಳುತ್ತಿತ್ತು, ಎಡಗೈಯಿಂದ ಹಿಡಿದುಕೊಂಡು ಬರೆದೆ ಎಂದರು. ಪಾಸಾದರು. ಮಾತಿನ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕ, ನಿಮ್ಮ ಉಚ್ಚಾರ ಎಷ್ಟು ಚೆಂದ, ಯಾವ ಕಾಲದ್ದು ಇದು ಎಂದು ಕೇಳಿದನಂತೆ. ಫಾಯ್ನಾಗೆ ಖುಷಿಯಿರಲಿಲ್ಲ. ನಾನು ಕೇಕು ತಂದಿದ್ದೆ, ಮುಟ್ಟಲಿಲ್ಲ.

ಮೇ ಎರಡನೆಯ ವಾರ ಬೈಬಾ ಗ್ರಂಥಾಲಯಕ್ಕೆ ಫೋನು ಮಾಡಿದಳು. ಅವಳ ದನಿಯಲ್ಲಿ ಮೊದಲಿನ ನಗುವಿರಲಿಲ್ಲ.

"ನೀವು ಬಂದುಹೋದ ಮೇಲೆ ಅವರು ಪಾಠ ಮಾಡ್ತಿಲ್ಲ. ಆದ್ರೆ ಮೂರಕ್ಕೆ ಕುರ್ಚಿ ಗೋಡೆ ಹತ್ತಿರ ಎಳ್ಕೋತಾರೆ. ಕಿವಿ ಗೋಡೆಗೆ ಹಚ್ಕೊಂಡು ಕೂತಿರ್ತಾರೆ. ನಾವು ಮಾತಾಡಿದ್ರೆ ಸುಮ್ನಿರಿ ಅಂತಾರೆ. ಊಟ ಕಮ್ಮಿ ಮಾಡಿದಾರೆ. ಏನು ಕಾಯ್ತಿದಾರೆ ಅಂತ ನಿಮಗೇನಾದ್ರೂ ಗೊತ್ತಾ?"

ನಾನು ಗ್ರಂಥಾಲಯ ಮುಚ್ಚಿ, ಶಾಲೆಗೆ ಹೋಗಿ, ಫಾಯ್ನಾರನ್ನು ಅಡುಗೆಮನೆಯಿಂದಲೇ ಕರೆದುಕೊಂಡು ಅವರ ಮನೆಗೆ ನಡೆದೆ. ಮೂರಾಗಲು ಹತ್ತು ನಿಮಿಷವಿತ್ತು. ಫಾಯ್ನಾ ಏಪ್ರನ್ನನ್ನೂ ಬಿಚ್ಚದೆ ಒಲೆಯ ಬಳಿ ಕೂತರು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. ಮೂರು ಹೊಡೆಯಿತು.

"ನಲವತ್ತೊಂಬತ್ತು, ಏಪ್ರಿಲ್ ಆರು," ಎಂದು ಶುರುಮಾಡಿದರು. "ನನ್ನಪ್ಪ ಲುಕಾ, ನನ್ನಮ್ಮ ಮತ್ರ್ಯೋನಾ, ಈ ಮನೆಗೆ ಬಂದ್ರು. ಬೀಗ ಇರಲಿಲ್ಲ. ಅಬ್ರಾದಲ್ಲಿ ಹಿಟ್ಟು ಉಕ್ಕಿ ಅಂಚು ದಾಟಿ ಒಣಗಿತ್ತು. ಯಾರ ಮನೆ ಅಂತ ಅಮ್ಮ ಕೇಳಿದ್ಲು. ಕೇಳಬೇಡ ಅಂದ ಅಪ್ಪ. ಅಮ್ಮ ಆ ಹಿಟ್ಟನ್ನ ಎಸೀಲಿಲ್ಲ. ಬಾವಿ ಪಕ್ಕ ಗುಂಡಿ ತೋಡಿ ಹೂತ್ಲು."

ನಿಂತು ಉಸಿರೆಳೆದುಕೊಂಡರು.

"ಹಸು ಕೊಟ್ಟಿಗೇಲಿ ಇರಲಿಲ್ಲ. ಹಳಿ ಆ ಕಡೆ ಮನೆಯೋಳು ಮೊದಲನೇ ದಿನ ರಾತ್ರಿ ಕದ್ದು ಬಂದು ಹಾಲು ಕರೆದಿದ್ಲು. ಎರಡನೇ ದಿನ ಸೈನಿಕರು ಬಿಡಲಿಲ್ಲ, ಅದಕ್ಕೇ ಕೂಗ್ತಿತ್ತು. ಮೂರನೇ ದಿನ ಅವಳೇ ತನ್ನ ಮನೆಗೆ ಹೊಡ್ಕೊಂಡು ಹೋದ್ಲು. ಏಪ್ರಿಲ್ ಹತ್ತಕ್ಕೆ ವಾಪಸ್ ತಂದು ಅಮ್ಮನ ಕೈಗೆ ಹಗ್ಗ ಕೊಟ್ಟು, ಮುಖ ನೋಡದೆ ಹೋದ್ಲು. ಕೆಚ್ಚಲು ಚೆನ್ನಾಗಿತ್ತು ಟೀಚರ್. ಕೆಟ್ಟಿರಲಿಲ್ಲ. ಹೆಸರು ಗೊತ್ತಿರಲಿಲ್ಲ, ಅಮ್ಮ ಜೋರ್ಕಾ ಅಂತ ಕರೆದ್ಲು. ಐವತ್ತೆಂಟರವರೆಗೆ ಬದುಕಿತ್ತು. ನಾನು ಅದರ ಹಾಲು ಕುಡಿದು ಬೆಳೆದೆ."

ಗೋಡೆಯ ಕಡೆ ಕಿವಿಗೊಟ್ಟು ನೋಡಿ, ಇಲ್ಲ ಎಂದು ತಲೆಯಾಡಿಸಿದರು. ಫಾಯ್ನಾ ಏಪ್ರನ್ನಿನಿಂದ ಮುಖ ಒರೆಸಿಕೊಂಡು, ಚಹಾಕ್ಕೆ ನೀರಿಟ್ಟರು. ನೀರು ಕುದಿಯುವ ಮೊದಲೇ ನನ್ನ ಮೊಬೈಲು ಬಡಿದುಕೊಂಡಿತು. ಬೈಬಾ.

"ಅಳ್ತಿದಾರೋ ನಗ್ತಿದಾರೋ ಗೊತ್ತಾಗ್ತಿಲ್ಲ," ಎಂದು ಉಸಿರು ಕಟ್ಟಿಕೊಂಡು ಹೇಳಿದಳು. "ಈಗಷ್ಟೇ. ಗೋಡೆಗೆ ಕಿವಿ ಕೊಟ್ಟು ಕೂತಿದ್ದೋರು, 'ಜೋರ್ಕಾ ಅಂತೆ, ಜೋರ್ಕಾ!' ಅಂತ ತೊಡೆ ತಟ್ಕೊಂಡು... ಆ ಹುಡುಗಿಗೆ ಫೋನ್ ಮಾಡಿ ಹೇಳು ಅಂತಿದಾರೆ. ಹಸು ಹೆಸರು ಬ್ರೂನಾಲಾ ಅಂತೆ. ಹತ್ತು ಸಲ ಬರೀಬೇಕಂತೆ. ಏನಿದು? ಯಾವ ಹಸು?"

ನಾನು ಫೋನನ್ನು ಫಾಯ್ನಾರ ಕಿವಿಗೆ ಹಿಡಿದೆ. ಬೈಬಾ ಇನ್ನೊಂದು ಸಲ ಹೇಳಿದಳು. ಫಾಯ್ನಾ ಪೆನ್ನು ಹುಡುಕಿದರು. ಸಿಗದೆ, ಪರೀಕ್ಷೆಗೆ ಗೀಚುತ್ತಿದ್ದ ಪೆನ್ಸಿಲನ್ನೇ ತೆಗೆದುಕೊಂಡು ಮೇಜಿನ ಮುಂದೆ ಕೂತು ಬರೆದರು. ಪೂರ್ತಿ ಹತ್ತು.

ಜೂನಿನಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿ ಕೆಂಪು ಪಾಸ್‌ಪೋರ್ಟ್ ತಂದರು. ಗುರುವಾರಗಳಲ್ಲಿ ಬಸ್ಸು ಹತ್ತಿ ಅಲ್ವೀನೆಯನ್ನು ನೋಡಿಬರುತ್ತಾರೆ. ಒಂದು ದಿನ ಮನೆಗೆ ಬರ್ತೀರಾ, ಕಾರು ಮಾಡಿಸ್ತೀನಿ ಎಂದು ಕೇಳಿದರಂತೆ. ಯಾಕೆ, ದಿನಾ ಬರ್ತೀನಲ್ಲ ಎಂದರಂತೆ ಮುದುಕಿ.

ಮೊನ್ನೆ ಬುಧವಾರ ಫಾಯ್ನಾಗೆ ಬಂದ ಒಂದು ಪತ್ರ ತಪ್ಪಿ ನನ್ನಲ್ಲಿಗೆ ಬಂದಿತ್ತು, ಕೊಡಲು ಹೋದೆ. ಮೂರೂಕಾಲು ಆಗಿತ್ತು. ಕಿಟಕಿ ತೆರೆದಿತ್ತು. ಫಾಯ್ನಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ಒಲೆಯ ಪಕ್ಕದ ಗೋಡೆಗೆ ಏನೋ ಹೇಳುತ್ತಿದ್ದರು. ನಡುವೆ ನಿಲ್ಲುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು, "ಅಯ್ಯೋ, ಹೌದಾ?" ಎನ್ನುತ್ತಿದ್ದರು. ನಾನು ಪತ್ರವನ್ನು ಮೆಟ್ಟಿಲ ಮೇಲೆ ಕಲ್ಲಿನಡಿಗೆ ಇಟ್ಟು, ಸದ್ದು ಮಾಡದೆ ಲಿಂಡೆನ್ ಸಾಲಿನ ಕೆಳಗೆ ನಡೆದುಬಂದೆ.